ವಾಸಪ್ಪಣ್ಣನ ಮನೆಗೆ ಹೇಳಿಕೆ

ಮೊನ್ನೆ ಬೆಳಿಗ್ಗೆ ದೋಸೆ ಕಾವಲಿಯ ಮುಂದೆ ನಿಂತಿದ್ದಾಗ ಫೋನಿನೊಳಗಿಂದ ನಾಗಸ್ವರ ಕೇಳಿಸಿತು. ಕೂಳೂರಿನ ದೂರದ ಸಂಬಂಧಿಯೊಬ್ಬರ ಮಗಳ ಮದುವೆ. ಪರದೆಯ ಮೇಲೆ ಮಲ್ಲಿಗೆ ಸುರಿಯಿತು, ಗೊಂಬೆಯಂಥ ವರ ದೋಣಿಯಲ್ಲಿ ಕೂತು ಗೊಂಬೆಯಂಥ ವಧುವಿನ ಕಡೆಗೆ ಬಂದ. ಕೊನೆಯಲ್ಲಿ, ಇದನ್ನೇ ಖುದ್ದು ಬಂದು ಕರೆದದ್ದೆಂದು ತಿಳಿಯಬೇಕೆಂಬ ಕೋರಿಕೆ. ನಾನು ಒಂದು ಕೈಯಲ್ಲಿ ಸಟ್ಟುಗ ಹಿಡಿದು, ಇನ್ನೊಂದರಲ್ಲಿ ಕೈಮುಗಿಯುವ ಚಿತ್ರ ಒತ್ತಿ ಕಳಿಸಿದೆ. ಅವರು ಕರೆದದ್ದೂ ಆಯಿತು, ನಾನು ಒಪ್ಪಿದ್ದೂ ಆಯಿತು. ದೋಸೆ ಇನ್ನೂ ಒಂದು ಬದಿ ಬೆಂದಿರಲಿಲ್ಲ.

ಇದನ್ನು ನನ್ನ ಶೀನಪ್ಪ ಮಾವ ನೋಡಿದ್ದರೆ ಕಾವಲಿಯನ್ನೇ ಕೆಳಗಿಳಿಸಲು ಹೇಳುತ್ತಿದ್ದರು. ಮಾವ ಎಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಮನೆಯ ಶುಭಕಾರ್ಯಕ್ಕೆ ಮಾವನೇ ಯಜಮಾನ. ಅಪ್ಪ ಬೇಗ ತೀರಿಕೊಂಡದ್ದರಿಂದ ನಮ್ಮ ಪಾಲಿಗಂತೂ ಎಲ್ಲದಕ್ಕೂ ಅವರೇ. ಮದುವೆಗೆ ಕರೆಯುವುದನ್ನು ನಮ್ಮ ಕಡೆ 'ಹೇಳಿಕೆ' ಎನ್ನುತ್ತಾರೆ, ಕರೆಯೋಲೆಯನ್ನು 'ಕಾಗದ' ಎನ್ನುತ್ತಾರೆ. ಈ ಹೇಳಿಕೆಯ ವಿಷಯದಲ್ಲಿ ಮಾವನಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ನೀವು ನೋಡಿರಲಾರಿರಿ. ಕಾಗದದ ನಾಲ್ಕು ಮೂಲೆಗೆ ಅರಸಿನ ಕುಂಕುಮ ಆಗಬೇಕು. ಒಬ್ಬರೇ ಹೋಗಬಾರದು. ಚಪ್ಪಲಿ ಹಾಕಿಕೊಂಡು ಕೊಡಬಾರದು. ಮನೆಯ ಹಿರಿಯರು ಸ್ನಾನಕ್ಕೆ ಹೋಗಿದ್ದರೆ ಬರುವವರೆಗೆ ಕಾಯಬೇಕು. ಒಮ್ಮೆ ಜೆಪ್ಪಿನ ಒಂದು ಮನೆಯಲ್ಲಿ ಹಿರಿಯರು ಎಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದರು. ಆ ಎಣ್ಣೆ ಇಳಿಯುವವರೆಗೆ ನಾವು ಅವರ ಮೊಮ್ಮಗಳ ಭರತನಾಟ್ಯದ ಮೂರು ವಿಡಿಯೋ ನೋಡಿದೆವು.

ಇಷ್ಟೆಲ್ಲ ಶಿಸ್ತಿಗೆ ಕಾರಣವಿತ್ತು. ಹದಿನೆಂಟು ವರ್ಷಗಳ ಹಿಂದೆ ತಮ್ಮ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಮಾವ ತಮ್ಮ ದೊಡ್ಡಮ್ಮನ ಮಗ ವಾಸಪ್ಪಣ್ಣನಿಗೆ ಕಾಗದವನ್ನು ಟಪ್ಪಾಲಿನಲ್ಲಿ ಕಳಿಸಿದ್ದರು. ಆ ವಾರ ಅವರಿಗೆ ಜ್ವರವಿತ್ತು ಎಂದು ಅಮ್ಮ ಹೇಳುತ್ತಾಳೆ. ಜ್ವರ ಬಂದದ್ದು ಕಾಗದ ಕಳಿಸಿದ ಮೇಲೆ ಎಂದು ಅತ್ತೆ ಹೇಳುತ್ತಾರೆ. ವಾಸಪ್ಪಣ್ಣ ಒಕ್ಕಲಿಗೆ ಬರಲಿಲ್ಲ. "ನನ್ನನ್ನು ಕರೆದದ್ದು ಟಪ್ಪಾಲಿನವ. ಅವನ ಮನೆಯಲ್ಲಿ ಎಂತಾದರೂ ಇದ್ದರೆ ಹೋಗ್ತೇನೆ" ಎಂದರಂತೆ. ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಮಲಗಿದ್ದ ಇಬ್ಬರು ಅಲ್ಲಿಂದ ಮಾತು ಬಿಟ್ಟರು. ಆಮೇಲೆ ವಾಸಪ್ಪಣ್ಣ ವಾಮಂಜೂರಿನಲ್ಲಿ ಮನೆ ಕಟ್ಟಿದರು. ಆ ಮನೆಯನ್ನು ಮಾವ ನೋಡಿಯೇ ಇರಲಿಲ್ಲ.

ನನ್ನ ತಮ್ಮನ ಮದುವೆ ನಿಶ್ಚಯವಾದಾಗ ಮಾವ ಮೊದಲು ಕೇಳಿದ್ದು ಹುಡುಗಿಯ ವಿಷಯವಲ್ಲ, ಕಾಗದದ ವಿಷಯ. ತಮ್ಮ ದುಬೈಯಲ್ಲೇ ಕೂತು ಕಾಗದದ ವಿನ್ಯಾಸ ಮಾಡಿಸಿದ್ದ. ಅದು ಹಂಚಿನ ಮಾಡಿನ ಮನೆಯ ಆಕಾರದಲ್ಲಿತ್ತು. ಎದುರಿನ ಎರಡು ಬಾಗಿಲು ತೆರೆದರೆ ಒಳಗೆ ವಧೂವರರ ಹೆಸರು. ಮಾವ ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, "ನನ್ನ ಹೆಸರು ಎಲ್ಲಿ ಉಂಟು?" ಎಂದರು. ಹುಡುಕಿದಾಗ ಬಲಗಡೆಯ ಬಾಗಿಲಿನ ಹಿಂದೆ ಸಿಕ್ಕಿತು. ಬಾಗಿಲು ಪೂರ್ತಿ ತೆರೆದರೆ ಮಾವ ಕಾಣುತ್ತಿರಲಿಲ್ಲ. "ಬಾಗಿಲ ಸಂದಿಯಲ್ಲಿ ನಿಂತು ಜನ ಕರೆಯಲಿಕ್ಕೆ ನಾನೆಂತ ಬೆಕ್ಕಾ?" ಎಂದು ಕೇಳಿದರು. ಹೆಸರನ್ನು ಅಂಗಳಕ್ಕೆ ತಂದೆವು.

ಆಮೇಲೆ ಅವರು ಪ್ರಿಂಟಿಂಗ್ ಪ್ರೆಸ್ಸಿನವನಿಗೆ ಇನ್ನೊಂದು ಕೆಲಸ ಹೇಳಿದರು. ಒಂದೇ ಒಂದು ಕಾಗದ ಬೇರೆ ಮಾಡಬೇಕು. ಅದರಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಮೊದಲ ಹೆಸರು ವಾಸಪ್ಪಣ್ಣನದು, ಎರಡನೆಯದು ತಮ್ಮದು.

"ಅದು ಯಾರಿಗೆ ಕೊಡ್ಲಿಕ್ಕೆ?" ಎಂದು ಕೇಳಿದೆ.

"ವಾಸಪ್ಪಣ್ಣನಿಗೆ."

"ಅವರೇ ಅವರನ್ನು ಕರೆದ ಹಾಗೆ ಆಗುವುದಿಲ್ಲವಾ ಮಾವ?"

"ಆಗಲಿ. ಅವನ ಮಾತು ಅವನು ತೆಗೆದುಹಾಕುವುದಿಲ್ಲವಲ್ಲ."

ಒಂದು ಆದಿತ್ಯವಾರ ನಾವಿಬ್ಬರು ವಾಮಂಜೂರಿಗೆ ಹೊರಟೆವು. ಕಾರು ನಾನು ಓಡಿಸಿದೆ. ನಾನು ದಾರಿ ಕೇಳುವುದರಲ್ಲಿ ಗಟ್ಟಿಗಿತ್ತಿ ಎಂದು ಆಗ ನನಗೊಂದು ನಂಬಿಕೆ ಇತ್ತು. ಮಾವನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಮದುವೆ ಕಳೆದ ಮೇಲೆ ಎಂದು ಹಟ ಹಿಡಿದಿದ್ದರು. ಚಿಕ್ಕಂದಿನಲ್ಲಿ ನೋಡಿದ್ದ ವಾಸಪ್ಪಣ್ಣನ ಮುಖ ನನಗೂ ನೆನಪಿರಲಿಲ್ಲ. ಗದ್ದೆಯೊಂದನ್ನು ಹೊಸ ಮನೆಗಳು ಮೂರು ಕಡೆಯಿಂದ ಮುತ್ತಿದ್ದಲ್ಲಿ ಒಂದು ಅಂಗಡಿ ಸಿಕ್ಕಿತು. ವಾಸಪ್ಪಣ್ಣನ ಮನೆ ಯಾವುದೆಂದು ಕೇಳಿದೆ. ಅಂಗಡಿಯವರು ನೀಲಿ ಗೇಟು ತೋರಿಸಿದರು. ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಬಿಳಿ ಕೂದಲಿನ ಹಿರಿಯರು ಎದ್ದು ನಿಂತರು. "ವಾಸಪ್ಪಣ್ಣ ಅಲ್ಲವಾ?" ಎಂದು ಮಾವ ಕೇಳಿದರು. "ಹೌದು, ಬನ್ನಿ" ಎಂದರು ಅವರು. ಅಷ್ಟೇ ಸಾಕಾಯಿತು. ಮಾವ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕಾಗದ ಇಟ್ಟು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಹಾಗೆಯೇ ಅವರ ದನಿ ಒಡೆಯಿತು.

"ಅಣ್ಣಾ, ನನ್ನಿಂದ ತಪ್ಪಾಯ್ತು. ಟಪ್ಪಾಲಿಗೆ ಹಾಕಬಾರದಿತ್ತು. ಅಹಂಕಾರ. ಹದಿನೆಂಟು ವರ್ಷದಿಂದ ಒಂದು ದಿನ ಸರಿಯಾಗಿ ಊಟ ರುಚಿಸಲಿಲ್ಲ."

ಇದು ಅಷ್ಟು ನಿಜವಲ್ಲ. ಅವರು ಊಟ ಮಾಡುವುದನ್ನು ನಾನು ನೋಡಿದ್ದೇನೆ. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣೂ ತುಂಬಿತು. ಹಿರಿಯರು ಗಾಬರಿಯಿಂದ ನನ್ನ ಮುಖ ನೋಡಿದರು, ಬಾಗಿಲಿಗೆ ಬಂದ ಸೊಸೆಯ ಮುಖ ನೋಡಿದರು, ಕೊನೆಗೆ ಕಾಗದ ತೆರೆದರು. ಕಾಗದದ ಅಂಗಳದಲ್ಲಿ ಎಲ್ಲರಿಗಿಂತ ಮುಂದೆ ಅವರದೇ ಹೆಸರಿತ್ತು. ಅದನ್ನು ಎರಡು ಸಲ ಓದಿದರು. ಆಮೇಲೆ ಬಹಳ ನಿಧಾನವಾಗಿ ಮಾವನ ಭುಜದ ಮೇಲೆ ಕೈಯಿಟ್ಟು, "ಹೋಗಲಿ ಬಿಡಿ. ಹಳೆಯದೆಲ್ಲ ಎಂತಕ್ಕೆ ಈಗ? ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ" ಎಂದರು. ಸೊಸೆ ಬೆಲ್ಲ ನೀರು ತಂದಳು. ಮಾವ ಎರಡು ಲೋಟ ಕುಡಿದರು.

ಗೇಟು ಹಾಕುವಾಗ ನಾನು ಬೋರ್ಡು ನೋಡಿದೆ. ಹೆಸರು ವಾಸಪ್ಪ. ಕೆಳಗೆ 'ನಿವೃತ್ತ ಬಸ್ ಚಾಲಕ' ಎಂದಿತ್ತು. ನಮ್ಮ ವಾಸಪ್ಪಣ್ಣ ಜೀವಮಾನವೆಲ್ಲ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದವರು.

ಕಾರಿನಲ್ಲಿ ಮಾವ ಮಗುವಿನ ಹಾಗೆ ಹಗುರವಾಗಿದ್ದರು. "ನೋಡು, ನನ್ನನ್ನು ನೀವು ಅಂತಾನೆ. ಸ್ವಲ್ಪ ಕೋಪ ಇನ್ನೂ ಬಾಕಿ ಉಂಟು. ಮದುವೆ ದಿವಸ ಅದೂ ಹೋಗ್ತದೆ" ಎಂದರು. ದಾರಿ ಉದ್ದಕ್ಕೂ ಸಣ್ಣಗೆ ಹಾಡಿಕೊಂಡರು. ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಏನೂ ಮಾಡಲಿಲ್ಲ. ಇಂಡಿಕೇಟರ್ ಹಾಕಿ ತಿರುಗಿಸಿದೆ. ಆ ಮುಖಕ್ಕೆ ಆ ಸುದ್ದಿ ಹೇಳುವ ಧೈರ್ಯ ನನಗೆ ಮೂರು ದಿನ ಬರಲಿಲ್ಲ.

ಮೂರನೆಯ ದಿನ ಫೋನು ಬಂತು. ಕಾಗದದಲ್ಲಿದ್ದದ್ದು ನನ್ನ ನಂಬರು.

"ನಾನು ವಾಮಂಜೂರಿನ ವಾಸಪ್ಪ. ತಪ್ಪು ತಿಳಿಯಬೇಡಿ. ನಾವು ನಿಮಗೆ ಎಂತ ಆಗಬೇಕು?"

ಮೂರು ದಿನದಿಂದ ಅವರ ಮನೆಯಲ್ಲಿ ಅದೇ ಚರ್ಚೆಯಂತೆ. ಅವರ ತಾಯಿಯ ಕಡೆಯವರನ್ನೆಲ್ಲ ಕೇಳಿದ್ದರು, ಸೊಸೆಯ ತವರಿಗೂ ಫೋನು ಮಾಡಿದ್ದರು. ತಂಗಿಯೊಬ್ಬಳು ನಮ್ಮ ಮಾವನ ಮೂಗು ಅವರ ಅಜ್ಜನ ಮೂಗಿನ ಹಾಗೆಯೇ ಇರಬೇಕೆಂದು ನೋಡದೆಯೇ ತೀರ್ಮಾನಿಸಿದ್ದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ.

"ಹಾಗಾದ್ರೆ ನಾನು ಕ್ಷಮಿಸಬಾರದಿತ್ತು. ಅದು ಬೇರೆಯವರದ್ದು" ಎಂದರು. "ಆ ವಾಸಪ್ಪಣ್ಣ ನನಗೆ ಗೊತ್ತುಂಟು ಮಾರಾಯ್ತಿ. ಶಾಲೆಯ ಹಿಂದೆ ಮನೆ. ಅವರ ಗ್ಯಾಸ್ ಸಿಲಿಂಡರು ಎರಡು ಸಲ ನನ್ನ ಮನೆಗೆ ಬಂದಿದೆ, ನಾನೇ ಮುಟ್ಟಿಸಿದ್ದೇನೆ. ಇದನ್ನೂ ಮುಟ್ಟಿಸಬೇಕು. ನೀವು ಬನ್ನಿ, ನಾನೂ ಬರ್ತೇನೆ."

ಮಾವನಿಗೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, "ಹೇಳುವುದನ್ನೆಲ್ಲ ಅಲ್ಲಿ ಹೇಳಿ ಆಯ್ತಲ್ಲ. ಇನ್ನು ಎಲ್ಲಿಂದ ತರುವುದು?" ಎಂದರು.

ಅವರು ಹೇಳಿದ ಹಾಗೆಯೇ ಆಯಿತು. ನಿಜವಾದ ವಾಸಪ್ಪಣ್ಣನ ಮನೆಯ ಸೋಫಾದಲ್ಲಿ ಮಾವ ಕೂತರು, ಬಾಯಿ ತೆರೆದರು, ಮುಚ್ಚಿದರು. ಎದುರಿಗಿದ್ದವರು ಸಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ನಮಗೆ ಕೂತುಕೊಳ್ಳಿ ಎಂದಿದ್ದರು, ಅಷ್ಟೇ. ಕೊನೆಗೆ ಡ್ರೈವರ್ ವಾಸಪ್ಪಣ್ಣನೇ ಗಂಟಲು ಸರಿಮಾಡಿಕೊಂಡರು.

"ಇವರು ನಿಮ್ಮ ಹತ್ರ ಹೇಳಬೇಕಾದ್ದನ್ನು ನನ್ನ ಹತ್ರ ಹೇಳಿದ್ದಾರೆ. ಅತ್ತಿದ್ದಾರೆ ಸಹ. ನಾನು ಕಣ್ಣಾರೆ ನೋಡಿದ್ದೇನೆ. ಟಪ್ಪಾಲಿಗೆ ಹಾಕಬಾರದಿತ್ತು ಅಂದ್ರು. ಅಹಂಕಾರ ಅಂದ್ರು. ಹದಿನೆಂಟು ವರ್ಷ ಊಟ ರುಚಿಸಲಿಲ್ಲ ಅಂದ್ರು." ಹೇಳುವಾಗ ಯಾವ ಮಾತಿಗೆ ಮಾವನ ದನಿ ಒಡೆದಿತ್ತೋ ಅಲ್ಲಿಯೇ ತಮ್ಮ ದನಿಯನ್ನೂ ಒಡೆದರು.

ವಾಸಪ್ಪಣ್ಣ ಕನ್ನಡಕ ತೆಗೆದರು. "ಅವತ್ತು ಟಪ್ಪಾಲಿನವ, ಇವತ್ತು ಬಸ್ಸಿನವರು. ಇವನಿಗೆ ಬಾಯಿ ಯಾವಾಗ ಬರುವುದು?"

ಮಾವ ತಲೆ ಎತ್ತಲಿಲ್ಲ. ಎಲ್ಲ ಮುಗಿಯಿತು ಎಂದು ನಾನು ಕಾರಿನ ಕೀಲಿ ಕೈಗೆ ತೆಗೆದುಕೊಂಡೆ. ಆಗ ಡ್ರೈವರ್ ವಾಸಪ್ಪಣ್ಣ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಟೀಪಾಯಿಯ ಮೇಲಿಟ್ಟರು. ಮನೆಮಂದಿಯೆಲ್ಲ ತಿರುಗಿಸಿ ಮುರುಗಿಸಿ ನೋಡಿದ್ದರಿಂದ ಅದರ ಹಂಚಿನ ಮಾಡಿನ ಒಂದು ಮೂಲೆ ಮಡಚಿಹೋಗಿತ್ತು. ವಾಸಪ್ಪಣ್ಣ ಕನ್ನಡಕ ಹಾಕಿಕೊಂಡು ಕಾಗದದ ಬಾಗಿಲು ತೆರೆದರು. ಮೊದಲ ಹೆಸರಿನ ಮೇಲೆ ಬೆರಳಿಟ್ಟು, "ಇದು ಯಾರು?" ಎಂದರು.

"ನೀನು" ಎಂದರು ಮಾವ. ಹದಿನೆಂಟು ವರ್ಷಗಳಲ್ಲಿ ಅವರು ಅಣ್ಣನಿಗೆ ಹೇಳಿದ ಮೊದಲ ಮಾತು ಅದು.

"ನಾನು ಕರೆಯುವವನಾದರೆ ನನ್ನನ್ನು ಯಾಕೆ ಕರೆಯುವುದು?"

ವಾಸಪ್ಪಣ್ಣ ಕಾಗದವನ್ನು ಮುಚ್ಚಿದರು, ಒಳಗೆ ಹೋದರು. ಬಾಗಿಲು ಹಾಕಿಕೊಂಡರೋ ಎಂದು ನಾವು ಮೂವರೂ ಆ ಕಡೆಗೇ ನೋಡುತ್ತ ಕೂತೆವು. ಅವರು ಹಿಂದಕ್ಕೆ ಬಂದಾಗ ಮೈಮೇಲೆ ಇಸ್ತ್ರಿ ಮಾಡಿದ ಶರ್ಟು ಇತ್ತು, ಕೈಯಲ್ಲಿ ತಟ್ಟೆ, ವೀಳ್ಯದೆಲೆ. ಕಾಗದವನ್ನು ಅದರಲ್ಲಿಟ್ಟು ಡ್ರೈವರ್ ವಾಸಪ್ಪಣ್ಣನ ಮುಂದೆ ಹಿಡಿದರು.

"ನಮ್ಮ ಅಳಿಯನ ಮದುವೆ ಉಂಟು. ನೀವು ಮನೆಮಂದಿ ಎಲ್ಲ ಬರಬೇಕು."

ಆಮೇಲೆ ಮಾವನ ಕಡೆ ತಿರುಗಿ, ಅಷ್ಟೇ ಗಂಭೀರವಾಗಿ, "ನೀನೂ ಬಾ ಶೀನ" ಎಂದರು.

ಮಾವ ಸೋಫಾದಿಂದ ಎದ್ದು ನಿಂತು, ಹೊದ್ದ ಶಾಲು ಸರಿಮಾಡಿಕೊಂಡು, "ಬರ್ತೇನೆ ಅಣ್ಣಾ" ಎಂದರು.

ಮದುವೆಯ ದಿನ ಸಭಾಭವನದ ಬಾಗಿಲಲ್ಲಿ ವಾಸಪ್ಪಣ್ಣ ನಿಂತು ಎಲ್ಲರನ್ನೂ ಬರಮಾಡಿಕೊಂಡರು, ಮಾವನನ್ನು ಕೂಡ. ಡ್ರೈವರ್ ವಾಸಪ್ಪಣ್ಣ ಮನೆಮಂದಿ ಹನ್ನೊಂದು ಜನರೊಂದಿಗೆ ಬಂದರು. ಅವರ ತಂಗಿ ಮಾವನ ಮೂಗನ್ನು ಹತ್ತಿರದಿಂದ ನೋಡಿ, ತಾನು ಹೇಳಿದ್ದು ಸರಿ ಎಂದು ಎಲ್ಲರಿಗೂ ತಿಳಿಸಿದಳು.

ಇದೆಲ್ಲ ನೆನಪಾಗಿ ಮೊನ್ನೆ ನನ್ನ ದೋಸೆ ಕರಟಿತು. ನನಗೆ ಜೊತೆಯಲ್ಲಿ ಓದಿದ ಗೆಳತಿಯೊಬ್ಬಳಿದ್ದಾಳೆ, ಸರೋಜ. ನಾಲ್ಕು ವರ್ಷದಿಂದ ನಮಗೆ ಮಾತಿಲ್ಲ. ತಪ್ಪು ಬಹುಪಾಲು ನನ್ನದೇ, ಆಡಬಾರದ್ದು ಆಡಿದ್ದೆ. ಮನೆಯಲ್ಲಿ ಏನಾದರೊಂದು ಶುಭಕಾರ್ಯ ಬಂದರೆ ಆ ನೆಪದಲ್ಲಿ ಹೋಗೋಣ ಎಂದು ಕಾಯುತ್ತಿದ್ದೆ. ನಮ್ಮ ಮನೆಯಲ್ಲಿ ಸದ್ಯಕ್ಕೆ ಮದುವೆಗೆ ಇರುವವರು ಯಾರೂ ಇಲ್ಲ. ಅದೇ ವಾರದ ಆದಿತ್ಯವಾರ ಅವಳ ಮನೆಗೆ ಬರಿಗೈಯಲ್ಲಿ ಹೋದೆ. ಅವಳು ಗ್ರಿಲ್ಲಿನ ಆಚೆ ನಿಂತು ನನ್ನ ಕೈಯನ್ನು ನೋಡಿದಳು, ಹೆಗಲ ಚೀಲವನ್ನು ನೋಡಿದಳು.

"ಎಂತ ವಿಶೇಷ?" ಎಂದಳು.

"ವಿಶೇಷ ಎಂತದೂ ಇಲ್ಲ. ನಿನ್ನ ಹತ್ರ ಬಂದದ್ದು" ಎಂದೆ.

ಅವಳು ಗ್ರಿಲ್ಲಿನ ಕೀಲಿ ತರಲು ಒಳಗೆ ಹೋದಳು.