ಕಿಟಕಿ ಪಕ್ಕದ ಗುಲಾಬಿ ಗೆಲ್ಲು

ಇವತ್ತು ಮಣಿಪಾಲದ ಗುಲಾಬಿ ತೋಟಕ್ಕೆ ಹೋಗಿದ್ದೆ. ಜಡಿಮಳೆಗೆ ಹೂಗಳೆಲ್ಲ ಕೊಳೆತು ತಲೆ ಬಗ್ಗಿಸಿದ್ದವು. ನೋಡುವವಳು ನಾನೊಬ್ಬಳೇ. ಮಾಲಿ ಗಿಡಗಳ ಗೆಲ್ಲು-ಕೊಂಬೆ ಸವರುತ್ತಿದ್ದರು. ಆ ಹಸಿ ಗೆಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ಅಮ್ಮ ನೆನಪಾದಳು.

ಚಿಕ್ಕವಳಿದ್ದಾಗ ಅಮ್ಮ ನನ್ನನ್ನು ಇಲ್ಲಿಗೆ ಕರೆತರುತ್ತಿದ್ದದ್ದು ಮಳೆಗಾಲದಲ್ಲೇ. ಅವಳಿಗೆ ಹೂವು ಬೇಡ. ಯಾರ ಹತ್ತಿರವೂ ಏನನ್ನೂ ಕೇಳದ ಹೆಂಗಸು, ಮಾಲಿಯ ಹತ್ತಿರ ಮಾತ್ರ "ಅಣ್ಣ, ನೆಡ್ಲಿಕ್ಕೆ ಒಂದು ಗೆಲ್ಲು ಉಂಟಾ?" ಎಂದು ಕೇಳುತ್ತಿದ್ದಳು. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಕಾರ್ಕಳದ ಬಸ್ಸಿನಲ್ಲಿ ಅದನ್ನು ಕಿಟಕಿಯ ಕಡೆ ಹಿಡಿದುಕೊಂಡು, "ಮುಳ್ಳುಂಟು ಮಗಾ, ನೀನು ಈಚೆ ಕೂತ್ಕೋ" ಎನ್ನುತ್ತಿದ್ದಳು. ಕಿಟಕಿ ಗೆಲ್ಲಿಗೆ ಸಿಕ್ಕಿತು, ನನಗೆ ಸಿಗಲಿಲ್ಲವೆಂದು ಹಿರಿಯಡ್ಕದವರೆಗೂ ನನಗೆ ಸಿಟ್ಟು.

ಇವತ್ತು ಮಾಲಿಯೇ ಕೇಳಿದರು, "ಗೆಲ್ಲು ಬೇಕಾ ಅಕ್ಕ? ಹೇಗೂ ಬಿಸಾಡ್ಲಿಕ್ಕೆ ಉಂಟು."

ಅಮ್ಮ ಈಗಿಲ್ಲ. ಕಾರ್ಕಳದಲ್ಲಿ ನಾನೊಬ್ಬಳೇ ಇರುವ ಫ್ಲ್ಯಾಟಿನಲ್ಲಿ ನೆಡಲಿಕ್ಕೆ ಮಣ್ಣೂ ಇಲ್ಲ. ಆದರೂ ಬೇಡ ಎನ್ನಲಿಕ್ಕೆ ಬಾಯಿ ಬರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮಳೆಗೆ ಜನವೇ ಇರಲಿಲ್ಲ. ಇಳಿಯುವಾಗ ನೋಡಿದರೆ ಕೈ ಜೋಮು ಹಿಡಿದಿತ್ತು. ದಾರಿಯುದ್ದಕ್ಕೂ ಗೆಲ್ಲನ್ನು ಕಿಟಕಿಗೆ ಒತ್ತಿ ಹಿಡಿದಿದ್ದೆ, ಪಕ್ಕದ ಖಾಲಿ ಸೀಟಿಗೆ ಮುಳ್ಳು ತಾಗದ ಹಾಗೆ.