ಹಸರ, ಹೆಸರ

ರಿಪೇರಿಯವನು ನಮ್ಮ ಹಳೆಯ ಡಬ್ಬಾ ಟಿ.ವಿ.ಯ ಬೆನ್ನು ಬಿಚ್ಚಿ ಸ್ವಿಚ್ ಹಾಕಿದ. ಒಳಗಿನ ದೂಳು ಬಿಸಿಯಾಗಿ ಒಂದು ವಾಸನೆ ಎದ್ದಿತು... ಪೂರಾ ಸುಟ್ಟ ವಾಸನೆಯೂ ಅಲ್ಲ. ಇದನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿಬಿಡಿ ಎಂದು ಅವನು ಹಿಂದಿಯಲ್ಲಿ ಉಪದೇಶ ಮಾಡುತ್ತಿದ್ದ. ನಾನು ಮಾತ್ರ ಎಷ್ಟೋ ವರ್ಷ ಹಿಂದೆ, ಇದೇ ವಾಸನೆ ಹೊಡೆಯುತ್ತಿದ್ದ ಚೆಂಬೂರಿನ ವಿಡಿಯೋ ಗೇಮ್ ಪಾರ್ಲರಿನಲ್ಲಿ, ಪಕ್ಕದ ಮನೆಯ ಕಾಕುವಿನ ಬೆನ್ನ ಹಿಂದೆ ನಿಂತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ಚೆಂಬೂರಿಗೆ ಬಂದ ನನಗೆ ನಮ್ಮ ಬಿಲ್ಡಿಂಗಿನಲ್ಲಿ ಸಿಕ್ಕ ಮೊದಲ ಕನ್ನಡದ ದನಿ ಕಾಕುವಿನದು. ಧಾರವಾಡದವರು. ಆ ಕಡೆ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ, ಬಿಲ್ಡಿಂಗಿಗೆಲ್ಲ ಅವರು ಕಾಕುವೇ. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದೆ. ಅವರ ಯಜಮಾನರು, ಕಾಕಾ, ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು. ಆಮೇಲೆ ಕಾಕಾ ಮಾತು ಬಿಟ್ಟಿದ್ದರು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಊಟಕ್ಕೆ ಕರೆದರೆ ಬರುವುದು, ಎದ್ದು ಹೋಗಿ ಕಿಟಕಿಯ ಹತ್ತಿರ ಕೂರುವುದು. ಬಂದವರೆಲ್ಲ ಅವರ ಮುಖ ನೋಡಿ, ಮುಂದೇನು ಎಂದು ಕೇಳುವವರೇ. ಮನೆಯಲ್ಲಿ ಇಬ್ಬರೇ ಇರುವವರಿಗೆ ಒಬ್ಬರು ಮಾತು ಬಿಟ್ಟರೆ ಇನ್ನೊಬ್ಬರ ಗತಿಯೇನು? ಹೀಗೇ ಆದರೆ ತನಗೂ ಮಾತು ಮರೆತುಹೋಗುತ್ತದೆ ಎಂದು ಕಾಕು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿಕೊಂಡಿದ್ದರು.

ಒಂದು ಮಧ್ಯಾಹ್ನ ಕೊತ್ತಂಬರಿ ತರಲು ಹೋದ ಕಾಕಾ ಹಿಂತಿರುಗಲಿಲ್ಲ. ಗಾಬರಿಯಿಂದ ನಾವಿಬ್ಬರೂ ಹುಡುಕಿಕೊಂಡು ಹೊರಟೆವು. ನೋಡಿದರೆ, ವಡಾಪಾವ್ ಗಾಡಿಯ ಹಿಂದೆ ಹೊಸದಾಗಿ ತೆರೆದಿದ್ದ ಪಾರ್ಲರಿನಲ್ಲಿ, ಕಾಲೇಜು ಹುಡುಗರ ನಡುವೆ, ಕೊತ್ತಂಬರಿ ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಕಾಕಾ ಆಡುತ್ತಿದ್ದಾರೆ! ಪಾರ್ಲರಿನವನು ಮಂಗಳೂರು ಕಡೆಯವನು. ಇದು ಇಬ್ಬರು ಸೇರಿ ಆಡುವ ಆಟ, ಒಬ್ಬರೇ ಆಡಿದರೆ ಬೇಗ ಮುಗಿದುಹೋಗುತ್ತದೆ ಎಂದ. ಕಾಕು ಒಂದು ಗಳಿಗೆ ಸುತ್ತ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಪಕ್ಕದಲ್ಲಿ ನಿಂತೇಬಿಟ್ಟರು.

ಆಟದಲ್ಲಿ ಅಂಥದ್ದೇನಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಕೆಳಗೆ ಇಟ್ಟಿಗೆಯ ಗೂಡಿನಲ್ಲಿ ಒಂದು ಹಕ್ಕಿ. ಅದನ್ನು ಕಾಯಲು ಎರಡು ಟ್ಯಾಂಕು, ಒಂದು ಹಳದಿ, ಒಂದು ಹಸಿರು. ಮೇಲಿನಿಂದ ಶತ್ರುಗಳು ಇಳಿಯುತ್ತಲೇ ಇರುತ್ತಾರೆ. ಅಷ್ಟೇ. ಅವಸರದಲ್ಲಿ ನಮ್ಮ ಗುಂಡೇ ಜೊತೆಯವರಿಗೆ ತಗಲಿ ಅವರು ನಿಂತಲ್ಲೇ ಮರಗಟ್ಟುವುದೂ ಉಂಟು. ಸಂಸಾರ ಮಾಡಿದವರೇ ಯಾರೋ ಅದನ್ನು ಕಂಡುಹಿಡಿದಿರಬೇಕು. ವಿಚಿತ್ರವೆಂದರೆ ಮನೆಯಲ್ಲೇ ಇರುವ ಕಾಕು ಹಳದಿ ಟ್ಯಾಂಕನ್ನು ನುಗ್ಗಿಸಿಕೊಂಡು ಮೇಲೆ ಹೋಗುತ್ತಿದ್ದರು, ಕಾಕಾ ಗೂಡು ಬಿಟ್ಟು ಕದಲುತ್ತಿರಲಿಲ್ಲ.

ಆದರೆ ಒಂದು ತೊಡಕಿತ್ತು. ಗಂಡನನ್ನು ಕೂಗಿ ಎಚ್ಚರಿಸಬೇಕಲ್ಲ, ಹೇಗೆ? ಹೆಸರು ಹೇಳುವಂತಿಲ್ಲ. "ಏನ್ರಿ" ಎಂದರೆ ಪಾರ್ಲರಿನವನೂ ತಿರುಗಿ ನೋಡುತ್ತಿದ್ದ. "ಇಲ್ಲಿ ಕೇಳ್ರಿ" ಎಂದು ಮುಗಿಸುವಷ್ಟರಲ್ಲಿ ಹಕ್ಕಿಯ ಕಥೆ ಮುಗಿದಿರುತ್ತಿತ್ತು. ಮೂರ್ನಾಲ್ಕು ಆಟ ಹೀಗೇ ಹಾಳಾದ ಮೇಲೆ ಕಾಕು ಇದ್ದಕ್ಕಿದ್ದಂತೆ ಹೆಸರ, ಹೆಸರ ಎಂದು ಕೂಗತೊಡಗಿದರು. ನನಗೆ ಕೇಳಿಸಿದ್ದು ಹಾಗೆ. ಪಾಪ, ಗಂಡನ ಹೆಸರು ನಾಲಿಗೆಯ ತುದಿಗೆ ಬಂದು ಸಿಕ್ಕಿಹಾಕಿಕೊಂಡಿದೆ ಎಂದುಕೊಂಡೆ. ಮನೆಗೆ ಬಂದು ಕೇಳಿದರೆ ಕಾಕು ಮೆಟ್ಟಿಲ ಮೇಲೆ ಕೂತು ಬಿದ್ದು ಬಿದ್ದು ನಕ್ಕರು.

"ಹೆಸರ ಅಲ್ಲ ತಂಗಿ, ಹಸರ. ಅವರ ಟ್ಯಾಂಕ್ ಹಸರ ಅದ ಅಲ್ಲಾ? ಗಂಡನ್ನ ಹೆಸರ ಹಿಡದು ಕರೀಲಿಕ್ಕೆ ನನಗೇನು ಹುಚ್ಚ ಹಿಡದದೇನು?"

ಅಂದಿನಿಂದ ಕಾಕಾ ಹಸರ ಆದರು. ಮದುವೆಯಾಗಿ ಅಷ್ಟು ವರ್ಷಕ್ಕೆ ಕಾಕುವಿಗೆ ಗಂಡನನ್ನು ಕರೆಯಲು ಒಂದು ಹೆಸರು ಸಿಕ್ಕಿತ್ತು. ದಿನಾ ಮಧ್ಯಾಹ್ನ ಹೋಗುವರು, ಕುತೂಹಲ ತಡೆಯಲಾರದೆ ನಾನೂ ಹಿಂದೆ. ಹುಡುಗರು ಮೊದಲು ಕಿಸಕ್ಕನೆ ನಗುತ್ತಿದ್ದರು, ಆಮೇಲೆ ತಾವೇ ಜಾಗ ಬಿಡತೊಡಗಿದರು. ಕಾಕು ಕೂಗುವರು, ಕಾಕಾ ತುಟಿ ಬಿಚ್ಚದೆ ಆಡುವರು. ಹೀಗೇ ಎಷ್ಟೋ ದಿನ...

ಒಂದು ದಿನ ಕಾಕು ಮೇಲೆ ನುಗ್ಗಿ ಶತ್ರುಗಳ ನಡುವೆ ಸಿಕ್ಕಿಬಿದ್ದರು. ಆಗ ಪಕ್ಕದಿಂದ ದನಿ ಬಂತು.

"ಹಳದಿ, ಹಿಂದ ಸರಿ. ನಾ ಇದ್ದೇನಲ್ಲಾ."

ತಿಂಗಳುಗಟ್ಟಲೆ ಬಳಸದ ಗಂಟಲು, ಗೊಗ್ಗರಾಗಿತ್ತು. ಕಾಕುವಿನ ಕೈ ನಿಂತುಹೋಯಿತು, ಹಳದಿ ಟ್ಯಾಂಕು ಸಿಡಿದುಹೋಯಿತು. ಅವರು ಗಂಡನ ಕಡೆ ತಿರುಗಲಿಲ್ಲ. ತಿರುಗಿದರೆ ಆ ಮಾತು ಮತ್ತೆ ಒಳಗೆ ಹೋಗಿಬಿಡುತ್ತದೆ ಎಂದು ಹೆದರಿಕೆಯಾಯಿತಂತೆ. ಪರದೆಯನ್ನೇ ನೋಡುತ್ತ ನಿಂತರು, ಕಣ್ಣು ತುಂಬಿತ್ತು. ನನಗೂ ಅಷ್ಟೇ. ಕಾಕಾ ಮಾತ್ರ ಆಟದಲ್ಲೇ ಮುಳುಗಿದ್ದರು. ಪಕ್ಕ ಪಕ್ಕ ನಿಂತು ಇಬ್ಬರೂ ಇನ್ನೇನನ್ನೋ ನೋಡುವಾಗ ಮಾತು ಸಲೀಸಾಗಿ ಬರುತ್ತದೆಯೋ ಏನೋ. ಆ ವಾರವೇ ಕಾಕಾ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದರು. ಕಾಕು ಆ ಬೈಗುಳವನ್ನು ಬಿಲ್ಡಿಂಗಿಗೆಲ್ಲ ಹೇಳಿಕೊಂಡು ಬಂದರು.

ಮುಂದೆ ಅವರು ಮಲಾಡಿಗೆ ಮನೆ ಬದಲಿಸಿದರು. ಪಾರ್ಲರ್ ಔಷಧಿ ಅಂಗಡಿಯಾಯಿತು. ಕಾಕಾ ತೀರಿಹೋದಾಗ ಕಾಕುವನ್ನು ನೋಡಿಬಂದದ್ದೇ ಕೊನೆ. ಆಮೇಲೆ ಹಬ್ಬಕ್ಕೊಂದು ಫೋನು, ಕ್ರಮೇಣ ಅದೂ ಇಲ್ಲ...

ಹೋದ ವರ್ಷ ಮಲಾಡಿನಿಂದ ಒಬ್ಬ ಫೋನ್ ಮಾಡಿ, ಒಂದು ಹೆಸರು ಹೇಳಿ, ಅವರು ತೀರಿಕೊಂಡರು ಎಂದ. ಅಂಥವರು ಯಾರೂ ನನಗೆ ಗೊತ್ತಿಲ್ಲ, ರಾಂಗ್ ನಂಬರ್ ಎಂದು ಇಟ್ಟುಬಿಟ್ಟೆ. ಅವನು ಮತ್ತೆ ಮಾಡಿದ. ಕಾಕುವಿನ ತಂಗಿಯ ಮಗನಂತೆ. ತಡವರಿಸುತ್ತ, "ಆಂಟಿ, ಕಾಕು... ನಿಮ್ಮ ಚೆಂಬೂರ್ ಕಾಕು" ಎಂದ.

ಅಷ್ಟು ವರ್ಷ ಅವರ ಹೆಸರು ಕೇಳಬೇಕೆಂದು ನನಗೆ ತೋಚಿರಲೇ ಇಲ್ಲ. ಈಗ ಗೊತ್ತು. ಮನೆಯಲ್ಲಿ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಯಾರೋ ಗುರುತಿಲ್ಲದವರನ್ನು ಕರೆದ ಹಾಗಾಗುತ್ತದೆ.