ಬೇವಿಗೆ ನಾನು ಹಾಕಿದ ನಂಬರು

ಐವತ್ತರ ದಶಕದಲ್ಲಿ ಹೊಸಹಳ್ಳಿ ಪಕ್ಕದ ತೋಪಲ್ಲಿ, ಬಡಾವಣೆಗಾಗಿ ಕಡಿಯೋ ಮರಗಳಿಗೆ ಬೆಲೆ ಕಟ್ಟೋದು ನನ್ನ ಕೆಲಸ. ನಮೂನೆಯಲ್ಲಿ ಎರಡೇ ಕಾಲಂ: ಮನೆ ಕಟ್ಟೋಕೆ ನಾಟಾ, ಒಲೆಗೆ ಸೌದೆ. ನೆರಳಿಗೆ ಜಾಗವಿರಲಿಲ್ಲ. ರಸ್ತೆಗೆ ಅಡ್ಡವಿದ್ದ ಬೇವಿನ ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದೆ.

ಮರುದಿನ ಬಂದರೆ ನಂಬರಿನ ಮೇಲೆಲ್ಲ ಅರಿಶಿನ, ಕುಂಕುಮ. ಬುಡದಲ್ಲಿ ಒಡೆದ ತೆಂಗಿನಕಾಯಿ. ಕೊಡಲಿ ಹಿಡಿದ ಆಳುಗಳು ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ಕೆಲಸ ನೋಡೋಕೆ ನಮ್ಮ ಆಫೀಸಿನ ಸಾಹೇಬರು ಬರೋ ಹೊತ್ತಾಗಿತ್ತು.

"ಏನಜ್ಜಿ ಇದು?" ಅಂದೆ, ನೆರಳಲ್ಲಿ ಎಮ್ಮೆ ಕಟ್ಟಿ ಕೂತಿದ್ದ ಮುದುಕಿಗೆ.

"ಮೊದಲು ಬೊಟ್ಟಿಟ್ಟೋರು ನೀವೇ ತಾನೆ ಸ್ವಾಮಿ? ಆಮೇಲೆ ಪೂಜೆ ಮಾಡದೆ ಬಿಡೋಕಾಗುತ್ತಾ?"

ದೇವರಿಗೆ ಯಾವ ಕಾಲಂ ಅಂತ ಸಾಹೇಬರಿಗೂ ತಿಳಿಯಲಿಲ್ಲ. ನಕ್ಷೆಯಲ್ಲಿ ನೇರವಾಗಿದ್ದ ರಸ್ತೆ ಇವತ್ತಿಗೂ ಅಲ್ಲಿ ಸೊಟ್ಟ. ಬಸ್ಸಲ್ಲಿ ಜನ ಬೈದರೆ ನಾನೂ ಜೊತೆಗೆ ಬೈತೀನಿ.